ಕೊಡೆ ಹಿಡಿಸುವಷ್ಟು ಜಾಗ

ಕೆಲಸಕ್ಕೆ ಸೇರಿದ ದಿನ ನಾನು ಒಂದು ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡು ಜಲ ಇಲಾಖೆಯ ಮೆಟ್ಟಿಲು ಹತ್ತಿದೆ. ನೋಡಿದವರು ಯಾರೂ ನಗಲಿಲ್ಲ. ನಮ್ಮ ಊರಿನಲ್ಲಿ ಕುರ್ಚಿ ಹೊತ್ತು ಇಲಾಖೆಗೆ ಹೋಗುವವರನ್ನು ಕಂಡರೆ ಜನ ದಾರಿ ಬಿಡುತ್ತಾರೆ. ಸೈರನ್ ಕೋಣೆಗೆ ಹೊಸಬರು ಬಂದರೆಂದು ಅವರಿಗೆ ಗೊತ್ತಾಗುತ್ತದೆ. ಕೈಚೀಲದಲ್ಲಿ ನೀರಿನ ಬಾಟಲಿ, ಬೀಸಣಿಗೆ, ಪೊರಕೆ ಇದ್ದವು. ಕಂಕುಳಲ್ಲಿ ಕೊಡೆ. ಇಲಾಖೆಯ ಜವಾನ ನಮ್ಮ ಕೋಣೆ ಗುಡಿಸಬಾರದು, ಅದಕ್ಕೇ ಪೊರಕೆ ಎಂದು ಹೊರಡುವಾಗ ಅಕ್ಕ ಗೌರಾಂಬನಿಗೆ ಹೇಳಿದ್ದೆ. "ಗುಡಿಸಿದ್ರೂ ಗೋಡೆ ಬರುತ್ತಾ?" ಎಂದು ಕೇಳಿದಳು. "ಗುಡಿಸಿದ್ರೂ ಬರುತ್ತೆ," ಅಂದೆ. ಅವಳು ಪೊರಕೆಯ ಹಿಡಿಗೆ ಇನ್ನೊಂದು ಸುತ್ತು ದಾರ ಬಿಗಿದು ಕೊಟ್ಟಳು.

ನಮ್ಮದು ನೆರೆ ಎಚ್ಚರಿಕೆ ಮಂಡಳಿ. ಹೆಸರು ದೊಡ್ಡದು, ಜನ ಮೂವರೇ. ಅಧ್ಯಕ್ಷರು ಹಾಲಪ್ಪನವರು, ನಾನು, ಮತ್ತೆ ಅಣೆಕಟ್ಟಿನ ಮೇಲೆ ತನ್ನದೇ ಗುಡಾರ ಹಾಕಿಕೊಂಡು ನೀರಿನ ಮಟ್ಟ ನೋಡುವ ಅನ್ವರ್. ಬಹಳ ಹಿಂದೆ ಸೈರನ್ ಇಲಾಖೆಯ ಕೈಯಲ್ಲೇ ಇತ್ತಂತೆ. ಆಗೊಂದು ಮಳೆಗಾಲ ಇಲಾಖೆಯ ಜೀಪು ಮೈಕ್ ಕಟ್ಟಿಕೊಂಡು ಕೆಳಬೀದಿಯಲ್ಲಿ "ಆತಂಕಪಡುವ ಅಗತ್ಯವಿಲ್ಲ" ಎಂದು ಸಾರುತ್ತಿದ್ದಾಗಲೇ ಹೊಳೆ ಬಂದು ಬೀದಿಯನ್ನೂ ಜೀಪನ್ನೂ ಒಟ್ಟಿಗೆ ತೆಗೆದುಕೊಂಡು ಹೋಯಿತು. ಆಮೇಲೆ ಶಾಸನವಾಯಿತು. ಮಂಡಳಿಯು ಇಲಾಖೆಯ ಒಳಗೆ ಇರತಕ್ಕದ್ದು, ಇಲಾಖೆಯ ಅಧೀನದಲ್ಲಿ ಇರತಕ್ಕದ್ದಲ್ಲ. ಬರೆದವರು ಬರೆದು ಮನೆಗೆ ಹೋದರು. ಒಳಗಿದ್ದೂ ಅಧೀನದಲ್ಲಿ ಇಲ್ಲದೆ ದಿನವೂ ಬದುಕುವುದು ಹೇಗೆಂದು ನಾವೇ ಕಲಿಯಬೇಕಾಯಿತು. ಕೆಳಬೀದಿಯವರು ಮಾತ್ರ ಅಂದಿನಿಂದ ಮೈಕಿಗೆ ಕಿವಿಗೊಡುವುದಿಲ್ಲ. ಸೈರನ್ ಮೊಳಗಿದರೆ ಒಲೆಯ ಮೇಲಿನ ಅನ್ನವನ್ನೂ ಬಿಟ್ಟು ಗುಡ್ಡ ಹತ್ತುತ್ತಾರೆ. ಯಾರ ಹಂಗಿನಲ್ಲೂ ಇಲ್ಲದ ಕೋಣೆಯಿಂದ ಬಂದ ಸದ್ದು ಅದು ಎಂಬುದೇ ಅವರಿಗಿರುವ ಧೈರ್ಯ.

ಕೋಣೆ ಇಲಾಖೆಯ ಕಟ್ಟಡದ ಒಂದು ತುದಿಯಲ್ಲಿದೆ. ಕಿಟಕಿಯ ಪಕ್ಕದಲ್ಲಿ ಕೈಯಿಂದ ತಿರುಗಿಸುವ ಸೈರನ್, ಅದರ ಮಗ್ಗುಲಲ್ಲಿ ಬಾಗಿಲು. ಕಿಟಕಿಯ ಎದುರಿಗಿರುವುದೇ ಆ ಗೋಡೆ. ಗೋಡೆಯ ಆಚೆಗೆ ಇಲಾಖೆಯ ಗುಮಾಸ್ತರು ಕೂರುವ ದೊಡ್ಡ ಹಾಲು. ನಾವು ಇಲಾಖೆಯಿಂದ ಏನನ್ನಾದರೂ ತೆಗೆದುಕೊಂಡರೆ ಗೋಡೆ ಈಚೆಗೆ ಬರುತ್ತದೆ. ಒಂದು ಲೋಟ ಚಹಾಕ್ಕೆ ಬೆರಳಿನಷ್ಟು. ಕ್ಯಾಲೆಂಡರಿಗೂ ಹೆಚ್ಚುಕಡಿಮೆ ಅಷ್ಟೇ. ಸಂಬಳ ಶಾಸನದಿಂದ ಬರುತ್ತದೆಯಾದ್ದರಿಂದ ಗೋಡೆ ಅದನ್ನು ಲೆಕ್ಕಕ್ಕಿಡುವುದಿಲ್ಲ. ಹಾಲಪ್ಪನವರು ಇದನ್ನೆಲ್ಲ ನಾನು ಕೆಲಸಕ್ಕೆ ಸೇರುವ ಮುಂಚೆಯೇ ಕೂರಿಸಿಕೊಂಡು ಹೇಳಿದ್ದರು. ದಪ್ಪ ದೇಹದ, ಮೆತ್ತನೆ ಮಾತಿನ ಮನುಷ್ಯ. "ಮದ್ವೆಗೆ ಕರೀತಾರೆ, ಹೋಗಿ. ಅಕ್ಷತೆ ಹಾಕಿ. ಊಟಕ್ಕೆ ಕೂರ್ಬೇಡಿ. ತಾಂಬೂಲ ಕೊಟ್ರೆ ಅಲ್ಲೇ ಯಾರಿಗಾದ್ರೂ ದಾಟಿಸ್ಬಿಡಿ. ಬಿಸ್ಲು ಜಾಸ್ತಿ ಅಂತ ಅವ್ರ ಫ್ಯಾನ್ ಕೆಳಗೆ ನಿಲ್ಬೇಡಿ ಚೆಲುವಾಂಬ, ಗಾಳೀನೂ ಲೆಕ್ಕಾನೇ." ಸೇರಿದ ದಿನದಿಂದ ನಾನು ಬೆಳಿಗ್ಗೆ ಬಂದ ಕೂಡಲೇ ಬೀರುವಿಗೂ ಗೋಡೆಗೂ ನಡುವೆ ನನ್ನ ಕೊಡೆಯನ್ನು ಅಡ್ಡ ಇಟ್ಟು ನೋಡುತ್ತಿದ್ದೆ. ಸರಾಗವಾಗಿ ಕೂತರೆ ಆ ದಿನ ಉಸಿರಾಡಬಹುದು.

ಗೋಡೆ ಪೂರ್ತಿ ಬಂದರೆ ಏನಾಗುತ್ತದೆಂದು ನೋಡಲು ದೂರ ಹೋಗಬೇಕಿರಲಿಲ್ಲ. ನಮ್ಮ ಕಾರಿಡಾರಿನಲ್ಲೇ ಹಿಂದೆ ಕುಡಿಯುವ ನೀರಿನ ಪರೀಕ್ಷಾ ಮಂಡಳಿ ಇತ್ತು. ಈಗ ಅಲ್ಲಿ ಬರೀ ಗೋಡೆ, ಗೋಡೆಗೆ ಅಂಟಿಕೊಂಡ ಒಂದು ಬಾಗಿಲು. ತೆಗೆದರೆ ಸುಣ್ಣ. ಅಲ್ಲಿದ್ದ ಲಲಿತಾಬಾಯಿ ನನ್ನ ಪರಿಚಯದವರು. ಎಲ್ಲಿ ಹೋದರೂ ನೀರನ್ನು ಮೊದಲು ಬೆಳಕಿಗೆ ಹಿಡಿದು, ಮೂಸಿ, ಆಮೇಲೆ ತುಟಿಗೆ ತಾಗಿಸುವ ಹೆಂಗಸು. ಒಂದು ಬೇಸಿಗೆಯಲ್ಲಿ ಇಲಾಖೆಯವರು ಅವರಿಗೊಂದು ತಂಪು ಪೆಟ್ಟಿಗೆ ಕೊಟ್ಟರು, ನೀರಿನ ಸೀಸೆಗಳು ಕೆಡದಿರಲಿ ಎಂದು. ಕೆಲಸಕ್ಕೆ ತಾನೇ ಎಂದು ಅವರು ಇಟ್ಟುಕೊಂಡರು. ಗೋಡೆ ಮುಚ್ಚಿಕೊಂಡ ಮೇಲೆ ಕೆಲವು ದಿನ ಅದರೊಳಗಿಂದ ಗಾಜಿನ ಸೀಸೆಗಳು ಒಂದಕ್ಕೊಂದು ತಾಗುವ ಸದ್ದು ಬರುತ್ತಿತ್ತು. ಆಮೇಲೊಂದು ಬೆಳಿಗ್ಗೆ ಲಲಿತಾಬಾಯಿ ದೊಡ್ಡ ಹಾಲಿನಲ್ಲಿ ಮೇಜಿನ ಮುಂದೆ ಕೂತಿದ್ದರು. ಮೈಗೆ ಏನೂ ಆಗಿರಲಿಲ್ಲ. ನನ್ನನ್ನು ಗುರುತಿಸಿ ನಕ್ಕರು. ಜವಾನ ತಂದಿಟ್ಟ ಕೆಸರುಬಣ್ಣದ ನೀರನ್ನು ನೋಡದೆ, ಮೂಸದೆ, ಗಟಗಟನೆ ಕುಡಿದು "ಇಲಾಖೆಯ ಅಭಿಪ್ರಾಯವೇ ನಮ್ಮ ಅಭಿಪ್ರಾಯ" ಅಂದರು. ನಾನು ಏನೂ ಕೇಳಿರಲಿಲ್ಲ. ಅವತ್ತು ಕೋಣೆಗೆ ಓಡಿಬಂದು ಬಾಗಿಲು ಹಾಕಿಕೊಂಡೆ. ಸತ್ತರೆ ಅಳುವವರಾದರೂ ಇರುತ್ತಾರೆ. ಹೀಗಾದರೆ ಮನೆಯವರು ಸಂಜೆ ಚಹಾ ಕೊಟ್ಟು ಎಂದಿನಂತೆ ಮಾತಾಡಿಸುತ್ತಾರೆ.

ಹಾಗಾಗಿ ನಾವು ಬಲು ಎಚ್ಚರದಿಂದಿದ್ದೆವು. ಇಲಾಖೆಯ ಕಾರ್ಯದರ್ಶಿ ಚಂದ್ರಮೌಳಿ ಸಾಹೇಬರು ಎಂದೂ ಗದರಿದವರಲ್ಲ. ಕಾರಿಡಾರಿನಲ್ಲಿ ಎದುರಾದರೆ ಕೈಮುಗಿಯುತ್ತಿದ್ದರು. "ಏನಮ್ಮಾ, ಜಾಗ ಸಾಕಾಗುತ್ತಾ? ಏನಾದ್ರೂ ಬೇಕಾದ್ರೆ ಸಂಕೋಚ ಪಡ್ಬೇಡಿ," ಎನ್ನುತ್ತಿದ್ದರು. ಅವರು ಗದರಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲವೋ ಏನೋ. ಅವರು ನಕ್ಕು ಮುಂದೆ ಹೋದಾಗಲೆಲ್ಲ ನಾನು ಒಳಗೆ ಬಂದು ಕೊಡೆ ಅಡ್ಡ ಇಟ್ಟು ನೋಡುತ್ತಿದ್ದೆ.

ಆ ವರ್ಷ ಮಳೆ ಬೇಗ ಹಿಡಿಯಿತು. ಜಲಾಶಯ ತುಂಬಿದರೆ ಮಂತ್ರಿಗಳು ಬಂದು ಬಾಗಿನ ಬಿಡುವುದು ನಮ್ಮಲ್ಲಿ ಪದ್ಧತಿ. ನೀರು ಅಂಚಿನವರೆಗೂ ತುಳುಕಾಡುತ್ತಿದ್ದರೆ ಫೋಟೊ ಚೆನ್ನಾಗಿ ಬರುತ್ತದೆಂದು ಇಲಾಖೆಯವರು ಗೇಟು ತೆಗೆಯದೆ ನೀರು ನಿಲ್ಲಿಸಿಕೊಂಡಿದ್ದರು. ಅಣೆಕಟ್ಟಿನ ಗೋಡೆಯ ಮೇಲೆ ನಮ್ಮ ಮಂಡಳಿಯ ಕೆಂಪು ಗೆರೆ ಇದೆ. ಅದು ಮುಳುಗಿದರೆ ಸೈರನ್ ಊದಬೇಕು. ಅಷ್ಟೇ ನಮ್ಮ ಕೆಲಸ. ಬಾಗಿನದ ದಿನ ಬೆಳಿಗ್ಗೆ ಅನ್ವರ್ ಫೋನ್ ಮಾಡಿದ. "ಅಕ್ಕಾ, ಗೆರೆ ಮುಳುಗ್ತು. ಮೇಲಿಂದ ಇನ್ನೂ ಬರ್ತಾನೇ ಇದೆ. ಊದಿ."

ನಾನು ಎದ್ದು ಸೈರನ್ನಿನ ಹಿಡಿಗೆ ಕೈ ಹಾಕಿದೆ. ಹಾಲಪ್ಪನವರು ಅಧ್ಯಕ್ಷರು, ಅವರ ಮುಖ ನೋಡಿದೆ. ಅವರು ಕನ್ನಡಕ ಒರೆಸುತ್ತಿದ್ದರು.

"ಊದೋದೇ ಚೆಲುವಾಂಬ, ಅದ್ರಲ್ಲಿ ಎರಡು ಮಾತಿಲ್ಲ," ಅಂದರು. "ಆದ್ರೆ ಮಂತ್ರಿಗಳು ಬರೋ ದಿನ. ಸಾಹೇಬ್ರಿಗೆ ಒಂದು ಮಾತು ಕೇಳ್ಬಿಡ್ತೀನಿ. ಕೇಳದೆ ಊದಿದ್ರೆ ಚೆನ್ನಾಗಿರಲ್ಲ."

"ಕೇಳೋದೇನಿದೆ ಸಾರ್? ನಮ್ಮ ಗೆರೆ ತಾನೆ ಮುಳುಗಿರೋದು?"

"ಮರ್ಯಾದೆಗೆ ಅಷ್ಟೇ. ನಾವೇನು ಅವ್ರಿಂದ ತಗೋತಾ ಇದೀವಾ? ಬರೀ ಒಂದು ಮಾತು." ಹೀಗೆಂದು ಅವರು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ ಎಂಬುದೇ ಈಗ ನೆನೆದರೆ ಮೈ ಜುಮ್ಮೆನಿಸುವ ವಿಷಯ. ಚಹಾ ಬೇಡ, ತಾಂಬೂಲ ಬೇಡ, ಗಾಳಿ ಬೇಡ ಎಂದು ಜೀವ ಹಿಡಿದುಕೊಂಡು ಬದುಕಿದ ನಮಗೆ, ಬೇಕಿಲ್ಲದ ಅಪ್ಪಣೆಯನ್ನು ಕೇಳುವುದೂ ತೆಗೆದುಕೊಳ್ಳುವುದೇ ಎಂದು ಯಾರೂ ಹೇಳಿರಲಿಲ್ಲ. ನಮ್ಮವರಿಗೆ ಹುಟ್ಟಿನಿಂದ ಬಂದ ಅಭ್ಯಾಸ ಅದು. ಮನೆಯಲ್ಲಿ ಹಿರಿಯರನ್ನು ಕೇಳುತ್ತೇವೆ, ಬಸ್ಸಿನಲ್ಲಿ ಕಿಟಕಿ ತೆಗೆಯಲು ಪಕ್ಕದವರನ್ನು ಕೇಳುತ್ತೇವೆ. ಹಾಲಪ್ಪನವರು ಮಹಡಿ ಹತ್ತಿ ಸಾಹೇಬರ ಕೋಣೆ ತಲುಪಿರಬೇಕು, ನನ್ನ ಬೆನ್ನ ಹಿಂದೆ ಗೋಡೆ ಗರಗರ ಎಂದಿತು.

ತಿರುಗಿ ನೋಡಿದೆ. ಅಷ್ಟು ವರ್ಷ ಗೋಡೆ ಸರಿದದ್ದು ನನಗೆ ಗೊತ್ತಿತ್ತು, ಸರಿಯುವುದನ್ನು ಕಣ್ಣಾರೆ ಕಂಡಿರಲಿಲ್ಲ. ಅದು ಅವಸರವಿಲ್ಲದೆ ಬಂತು. ಬೀರುವನ್ನು ತಳ್ಳಿಕೊಂಡು ಬಂತು, ಮೇಜನ್ನು ತಳ್ಳಿತು, ಹಾಲಪ್ಪನವರು ಮನೆಯಿಂದ ತಂದಿದ್ದ ಬೆತ್ತದ ಕುರ್ಚಿಯನ್ನು ಮೇಜಿಗೆ ಒತ್ತಿ ಲಟಲಟನೆ ಮುರಿಯಿತು. ಮೇಲಿನಿಂದ ಸುಣ್ಣ ನನ್ನ ತಲೆಯ ಮೇಲೆ ಉದುರಿತು. ಬೀರುವಿನ ಕಬ್ಬಿಣ ಚಪ್ಪಟೆಯಾಗಿ ಗೋಡೆಯೊಳಕ್ಕೆ ಹೋಯಿತು, ನುಂಗಿದಂತೆ. ನನ್ನ ಕುರ್ಚಿಯೂ ಅದರ ಹಿಂದೆಯೇ ಹೋಯಿತು. ಕಿಟಕಿಗೆ ಒರಗಿಸಿದ್ದ ಕೊಡೆ ಕಿಟಕಿಗೂ ಗೋಡೆಗೂ ನಡುವೆ ಓರೆಯಾಗಿ ಸಿಕ್ಕಿಹಾಕಿಕೊಂಡಾಗ ಗೋಡೆ ನಿಂತಿತು. ಬಾಗಿಲಿನ ಅರ್ಧವನ್ನು ಅದು ತಿಂದಾಗಿತ್ತು. ಬಾಗಿಲು ಇನ್ನೂ ಇರುವಾಗಲೇ ಹೊರಗೆ ಓಡು ಎಂದು ನನ್ನ ಮೈಯೆಲ್ಲ ಕೂಗುತ್ತಿತ್ತು. ಆದರೆ ಕಿಟಕಿಯಿಂದ ಕೆಳಗೆ ನೋಡಿದರೆ ಕೆಳಬೀದಿ ಕಾಣುತ್ತದೆ. ಅಲ್ಲೇ ಅಕ್ಕ ನಡೆಸುವ ಖಾನಾವಳಿಯ ತಗಡಿನ ಮಾಡು ಕಾಣುತ್ತದೆ. ಅದರ ಮೇಲೆ ಹೊಗೆಯಾಡುತ್ತಿತ್ತು. ಅನ್ನಕ್ಕೆ ಇಟ್ಟಿದ್ದಳು.

ಅಷ್ಟರಲ್ಲಿ ಹಾಲಪ್ಪನವರು ಬಂದರು. ಬಾಗಿಲ ಸಂದಿನಲ್ಲಿ ಒಂದು ಭುಜ ತೂರಿಸಿದರು, ಹೊಟ್ಟೆ ಬರಲಿಲ್ಲ. ಮುಖ ಬಿಳಿಚಿಕೊಂಡಿತ್ತು.

"ಸ್ವಲ್ಪ ಹೊತ್ತು ಕಾಯಿ ಅಂದ್ರು," ಅಂದರು. "ಹೂಂ ಅಂದ್ಬಿಟ್ಟೆ ಚೆಲುವಾಂಬ. ಬಾಯಿಗೆ ಹೂಂ ಅಂತಾನೇ ಬಂದ್ಬಿಡ್ತು."

ಫೋನಿನಲ್ಲಿ ಅನ್ವರ್ ಕೂಗುತ್ತಿದ್ದ. "ಅಕ್ಕಾ, ಯಾಕೆ ಊದಿಲ್ಲ? ನೀರು ನನ್ನ ಗುಡಾರದ ಹತ್ರ ಬಂತು!" ನಾನು ಎರಡೂ ಕೈಯಿಂದ ಹಿಡಿಯನ್ನು ಹಿಡಿದೆ. ಆಗ ಹಾಲಪ್ಪನವರನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಚಂದ್ರಮೌಳಿ ಸಾಹೇಬರು ಬಾಗಿಲ ಸಂದಿನಲ್ಲಿ ಕಾಣಿಸಿಕೊಂಡರು. ಬಾಗಿನದ ದಿನವೆಂದು ಜರಿಯಂಚಿನ ಪಂಚೆ ಉಟ್ಟಿದ್ದರು.

"ಮಳೆಗೆ ಮಂತ್ರಿಗಳ ಕಾರು ವಾಪಸ್ ಹೋಯ್ತಮ್ಮ," ಅಂದರು ನಗುತ್ತ. "ಗೇಟು ತೆಗೀತಾ ಇದೀವಿ. ಯಾಕೆ ಹೆದರಿದೀರಿ? ಊದಿ. ನಾನೇ ಹೇಳ್ತಿದೀನಲ್ಲ, ಊದಿ."

ಬೇಡ ಎಂದಿದ್ದರೆ ನನ್ನ ದಾರಿ ಸುಲಭವಿತ್ತು, ಧಿಕ್ಕರಿಸಿ ಊದುತ್ತಿದ್ದೆ. ಅವರು ಊದು ಎಂದರು. ಅವರ ಮಾತಿಗೆ ಊದಿದರೆ ಸೈರನ್ ಅವರದಾಗುತ್ತದೆ, ಕೋಣೆ ಗೋಡೆಯದಾಗುತ್ತದೆ, ನಾನು ನಾಳೆಯೋ ನಾಡಿದ್ದೋ ಲಲಿತಾಬಾಯಿಯ ಪಕ್ಕದ ಮೇಜಿನಲ್ಲಿ ಕೂತಿರುತ್ತೇನೆ. ಊದದಿದ್ದರೆ ಅಕ್ಕ ಅನ್ನದ ಗಂಜಿ ಬಸಿಯುತ್ತ ನಿಂತಿರುತ್ತಾಳೆ. ಇಷ್ಟೆಲ್ಲ ಯೋಚಿಸಿದೆನೋ, ಈಗ ಹೇಳುವಾಗ ಹೊಳೆಯುತ್ತಿದೆಯೋ ಗೊತ್ತಿಲ್ಲ. "ಗೆರೆ ಮುಳುಗಿದೆ, ಗೆರೆ ಮುಳುಗಿದೆ" ಎಂದು ಹುಚ್ಚಿಯಂತೆ ಕೂಗುತ್ತ ತಿರುಗಿಸಿದೆ. ಸೈರನ್ ಮೊದಲು ನರಳಿ, ಆಮೇಲೆ ಏರಿ, ಊರ ಮೇಲೆ ಹರಡಿತು. ಬೆನ್ನಿಗೆ ಗೋಡೆ ತಾಗಿತು. ತಣ್ಣಗಿತ್ತು. ನಾನು ಕಣ್ಣು ಮುಚ್ಚಿಕೊಂಡು ತಿರುಗಿಸುತ್ತಲೇ ಇದ್ದೆ. ಗೋಡೆ ಒತ್ತಿತು, ಎದೆ ಸೈರನ್ನಿನ ಪೆಟ್ಟಿಗೆಗೆ ಅಂಟಿತು, ಉಸಿರು ಅರ್ಧಕ್ಕೆ ಬಂತು, ಆಮೇಲೆ ಗೋಡೆ ನಿಂತಿತು. ಕಣ್ಣು ತೆರೆದಾಗ ಕೆಳಬೀದಿಯ ಜನ ಇರುವೆಯಂತೆ ಗುಡ್ಡ ಹತ್ತುತ್ತಿದ್ದರು. ಹೊಳೆ ಅವರ ಹಿಂದೆಯೇ ಬಂತು. ಖಾನಾವಳಿಯ ಮಾಡು ತೇಲಿ ಹೋಗುವುದನ್ನು ನೋಡಿದೆ. ಅಕ್ಕ ಅದರೊಳಗಿಲ್ಲ ಎಂದು ತಿಳಿಯುವವರೆಗೆ ನನ್ನ ಜೀವ ನನ್ನಲ್ಲಿರಲಿಲ್ಲ.

ಜನ ಉಳಿದರು, ಯಾರ ಜೀವವೂ ಹೋಗಲಿಲ್ಲ. ಆದರೆ ಸದ್ದು ತಡವಾಗಿ ಬಂತೆಂದು ಎಲ್ಲರಿಗೂ ಗೊತ್ತಾಯಿತು. ಅನ್ವರ್ ಸುಮ್ಮನಿರುವವನಲ್ಲ. ನೀರು ಇಳಿದ ಮೇಲೆ ಅಕ್ಕ ಕೆಸರು ತೆಗೆದು ಅದೇ ಜಾಗದಲ್ಲಿ ಮತ್ತೆ ಒಲೆ ಹೂಡಿದಳು. ನಾನು ಕೈಜೋಡಿಸಲು ಹೋದಾಗ ಪಾತ್ರೆ ಉಜ್ಜುವುದನ್ನು ನಿಲ್ಲಿಸದೆ ಕೇಳಿದಳು. "ಅವತ್ತು ಗೆರೆ ಮುಳುಗ್ತು ಅಂತ ಊದಿದ್ಯಾ, ಆ ಸಾಹೇಬ ಹೇಳ್ದ ಅಂತ ಊದಿದ್ಯಾ?"

"ಗೊತ್ತಿಲ್ಲ ಕಣಕ್ಕ," ಅಂದೆ. ಸುಳ್ಳು ಹೇಳಬಹುದಿತ್ತು. ಅವಳ ಮುಂದೆ ಬರಲಿಲ್ಲ.

"ಬೀದೀಲಿ ಕೇಳ್ತವ್ರೆ," ಅಂದಳು. "ಮುಂದಿನ ಸಲ ಊದಿದ್ರೆ ಹತ್ತೋದಾ, ಬೇಡ್ವಾ ಅಂತ. ನಾನೇನು ಹೇಳ್ಲಿ?" ನಾನು ಕೆಸರು ತುಂಬಿದ ಬುಟ್ಟಿ ಎತ್ತಿಕೊಂಡು ಹೊರಗೆ ಹೋದೆ.

ಕೋಣೆಯಲ್ಲಿ ಈಗ ಒಬ್ಬಳು ನಿಲ್ಲುವಷ್ಟು ಜಾಗ. ಒಂದು ಭುಜ ಮುಂದೆ ಮಾಡಿ ನುಸುಳಿಕೊಂಡು ಒಳಗೆ ಹೋಗುತ್ತೇನೆ. ಬೆನ್ನಿಗೆ ಗೋಡೆ, ಎದೆಗೆ ಸೈರನ್. ಕೊಡೆ ಅಂದು ಸಿಕ್ಕಿಕೊಂಡದ್ದು ಎಷ್ಟು ಎಳೆದರೂ ಬರಲಿಲ್ಲ, ಹಾಗೇ ಬಿಟ್ಟೆ. ಮಳೆಯಲ್ಲಿ ಸೆರಗು ಹೊದ್ದು ಓಡಾಡುತ್ತೇನೆ. ಗೋಡೆಯೊಳಗಿಂದ ಒಮ್ಮೊಮ್ಮೆ ಹಾಲಪ್ಪನವರ ಬೆತ್ತದ ಕುರ್ಚಿ ಕಿರುಗುಡುವ ಸದ್ದು ಬರುತ್ತಿತ್ತು, ಯಾರೋ ಭಾರದವರು ಕೂತು ಎದ್ದಂತೆ. ಒಂದು ದಿನ ಆ ಸದ್ದು ನಿಂತಿತು. ಅಂದೇ ಹಾಲಪ್ಪನವರು ಬಾಗಿಲಲ್ಲಿ ಬಂದು ನಿಂತರು, ಇಲಾಖೆಯ ಬಿಲ್ಲೆ ಎದೆಗೆ ಸಿಕ್ಕಿಸಿಕೊಂಡು. ಮುಖದಲ್ಲಿ ಹಳೆಯ ಮೆತ್ತನೆಯ ನಗು. ಕೈಯಲ್ಲಿ ಒಂದು ಕುರ್ಚಿ.

"ನಿಂತು ನಿಂತು ಕಾಲು ನೋಯುತ್ತೆ ನಿಮ್ಗೆ. ಸಾಹೇಬ್ರು ಕಳ್ಸಿದಾರೆ," ಅಂದರು. ಕುರ್ಚಿ ಹೊತ್ತು ತರಬೇಕೆಂದು ನನಗೆ ಕಲಿಸಿದವರೇ ಅವರು. ಅಳು ಬಂತು. ತಡೆದುಕೊಂಡು ಬೇಡ ಎಂದೆ. ಅವರು ಬೇಸರಪಡದೆ ಕುರ್ಚಿಯನ್ನು ಬಾಗಿಲಾಚೆ ಇಟ್ಟು ಹೋದರು. ದಿನವೂ ಬಂದು ಅದರ ಧೂಳು ಒರೆಸಿ ಹೋಗುತ್ತಾರೆ.

ನಿನ್ನೆ ಬೆಳಿಗ್ಗೆ ಮತ್ತೆ ಬಂದರು. ಮಳೆ ಜಿನುಗುತ್ತಿತ್ತು. ತಪ್ಪಿದ ಬಾಗಿನವನ್ನು ಈಗ ಬಿಡಲು ಮಂತ್ರಿಗಳು ಹೊರಟಿದ್ದಾರಂತೆ, ದಾರಿಯಲ್ಲಿದ್ದಾರಂತೆ. ಅಣೆಕಟ್ಟಿಗೆ ಹೋಗುವ ರಸ್ತೆ ಕೆಳಬೀದಿಯ ಒಳಗಿಂದಲೇ ಹಾದುಹೋಗುತ್ತದೆ. ಬೀದಿಯಲ್ಲಿ ಕೆಸರು, ಕಾದು ನಿಂತ ಜನ, ಪರಿಹಾರ ಎಲ್ಲಿ ಎಂದು ಕೇಳುವ ಬಾಯಿಗಳು.

"ಒಂದು ಸಲ ಊದ್ಬಿಡಿ ಚೆಲುವಾಂಬ," ಅಂದರು ಹಾಲಪ್ಪನವರು. "ಜನ ಗುಡ್ಡ ಹತ್ತುತಾರೆ, ಕಾರು ಸಲೀಸಾಗಿ ಹೋಗುತ್ವೆ. ಆಮೇಲೆ ಇಳ್ಕೋತಾರೆ. ಯಾರಿಗೆ ಏನು ನಷ್ಟ? ಸಾಹೇಬ್ರು ಹೇಳಿದಾರೆ."

ಅನ್ವರನಿಗೆ ಫೋನ್ ಮಾಡಿದೆ. ಗೆರೆ ಒಣಗಿದೆ ಎಂದ, ನೀರು ಬಹಳ ಕೆಳಗಿದೆ ಎಂದ.

"ಗೆರೆ ಮುಳುಗಿಲ್ಲ ಸಾರ್," ಅಂದೆ.

"ಮುಳುಗದಿದ್ರೆ ಊದ್ಬಾರ್ದು ಅಂತ ಎಲ್ಲಿದೆ? ನಿಮ್ಗೇ ಧೈರ್ಯ ಇಲ್ದಿದ್ರೆ ಸಾಹೇಬ್ರನ್ನ ಒಂದು ಮಾತು ಕೇಳಿ. ಅವ್ರೇ ಹೇಳ್ತಾರೆ."

ನನ್ನ ಕೈ ಹಿಡಿಯ ಮೇಲಿತ್ತು. ಬೆನ್ನಿಗೆ ಗೋಡೆ ಉಸಿರಾಡಿದಂತೆ ಅನಿಸಿತು. ಇನ್ನು ಕೂದಲೆಳೆಯಷ್ಟು ಬಂದರೂ ನನ್ನ ಪಕ್ಕೆಲುಬು ತಡೆಯುವುದಿಲ್ಲ. ಭಯವಾಯಿತು. ಊದಿಬಿಟ್ಟರೆ ಆಯಿತಲ್ಲ, ಕುರ್ಚಿಯಲ್ಲಿ ಕೂತರೆ ಆಯಿತಲ್ಲ ಎಂದು ಕಾಲುಗಳು ಕೇಳಿದವು. ನಾನು ಹಿಡಿಯಿಂದ ಒಂದೊಂದೇ ಬೆರಳು ಬಿಡಿಸಿಕೊಂಡೆ. ಎರಡೂ ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡೆ.

"ಊದಲ್ಲ," ಅಂದೆ. "ಕೇಳೋದೂ ಇಲ್ಲ."

ತಲೆಯ ಮೇಲೆ ಸುಣ್ಣ ಉದುರಿತು. ನಾನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡೆ. ಗರಗರ ಸದ್ದು ಬಂತು, ಕಾದೆ. ಟಪ್ಪೆಂದು ಏನೋ ಬಿತ್ತು. ಕಣ್ಣು ಬಿಟ್ಟು ನೋಡಿದರೆ, ಅಷ್ಟು ದಿನ ಸಿಕ್ಕಿಹಾಕಿಕೊಂಡಿದ್ದ ನನ್ನ ಕೊಡೆ ಸಡಿಲಗೊಂಡು ಹೊಸ್ತಿಲ ಮೇಲೆ ಬಿದ್ದಿತ್ತು. ಬೆನ್ನಿಗೂ ಗೋಡೆಗೂ ನಡುವೆ ಸ್ವಲ್ಪ, ಬಹಳ ಸ್ವಲ್ಪ, ಗಾಳಿ ಆಡಿತು.

ಹಾಲಪ್ಪನವರು ಕೊಡೆಯನ್ನೇ ನೋಡಿದರು. ಅವರ ಮುಖದ ನಗು ಒಂದು ಗಳಿಗೆ ಆರಿತು. ಏನನ್ನೋ ನೆನಪಿಸಿಕೊಳ್ಳುವವರಂತೆ ಹುಬ್ಬು ಗಂಟಿಕ್ಕಿದರು. ಆಮೇಲೆ, ಮೊದಲಿನಿಂದಲೂ ಮರ್ಯಾದಸ್ಥರಲ್ಲವೇ, ಬಗ್ಗಿ ಅದನ್ನು ಎತ್ತಿ, ಧೂಳು ಕೊಡವಿ, ನನ್ನತ್ತ ಚಾಚಿದರು. "ನಿಮ್ಮ ಕೊಡೆ ಚೆಲುವಾಂಬ. ತಗೊಳ್ಳಿ."

ನಾನು ಕೈಯನ್ನು ಸೆರಗಿನಿಂದ ಹೊರಗೆ ತೆಗೆಯಲಿಲ್ಲ.

ಸಂಜೆ ಸುರಿಯುವ ಮಳೆಯಲ್ಲಿ ಅಕ್ಕನ ಖಾನಾವಳಿಗೆ ಹೋದೆ. ಮಂತ್ರಿಗಳ ಕಾರು ಜನರ ನಡುವೆ ಸಿಕ್ಕಿಕೊಂಡು, ಬಹಳ ಹೊತ್ತು ನಿಂತು, ಮಾತು ಕೇಳಿಸಿಕೊಂಡೇ ಹೋಯಿತಂತೆ. ಅಕ್ಕ ಅದನ್ನು ಹೇಳುತ್ತ ತಲೆ ಒರೆಸಿಕೊಳ್ಳಲು ಟವೆಲ್ ಕೊಟ್ಟಳು.

"ಕೊಡೆ ಬಿಡಿಸ್ಕೊಳ್ತು ಅಕ್ಕ," ಅಂದೆ.

"ಮತ್ತೆ ಹಿಂಗೆ ನೆನ್ಕೊಂಡ್ ಬಂದಿದೀಯಲ್ಲ?"

"ಹಾಲಪ್ಪನೋರು ಎತ್ತಿ ಕೊಟ್ರು."

ಹೊರಗೆ ಮಳೆ ಜೋರಾಗುತ್ತಿತ್ತು, ಹೊಳೆಯ ಸದ್ದು ಕೇಳಿಸುತ್ತಿತ್ತು. ಅಕ್ಕ ಒಳಗೆ ಹೋಗಿ, ಬಟ್ಟೆಬರೆಯ ಗಂಟೊಂದನ್ನು ಎತ್ತಿ ತಂದು ಬಾಗಿಲ ಪಕ್ಕ ಇಟ್ಟಳು.

"ಇಲ್ಲೇ ಇಟ್ಟಿರ್ತೀನಿ," ಅಂದಳು. "ನೀನು ಊದು, ನಾವು ಹತ್ತುತೀವಿ."